ಮಗುವಿಗೆ 42 ಬಂದಿದೆ ಅಂದರೆ ಯಾರಿಗೆ 42 ಬಂದಿದೆ?



ಮೊರಾರ್ಜಿ, ಅಂಬೇಡ್ಕರ್ ವಸತಿ ಶಾಲೆ, ನವೋದಯ, ಆದರ್ಶ ಅಂತ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಗಳು ಹತ್ತಿರ ಬಂದರೆ ಸಾಕು, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯ ನಮ್ಮ ಕೇರಿಗಳಿಂದ ಒಂದೇ ಥರದ ಮೆಸೇಜು ಬರೋಕೆ ಶುರುವಾಗುತ್ತೆ. ಮಾದರಿ ಪ್ರಶ್ನೆಪತ್ರಿಕೆಯ ಒಂದು ಫೋಟೋ, ಕೆಂಪು ಪೆನ್ನಲ್ಲಿ ಸುತ್ತು ಹಾಕಿದ ಒಂದು ನಂಬರು. ಕೆಳಗೆ, "ಅಣ್ಣಾ, 100ಕ್ಕೆ 42 ಬಂದಿದೆ. ಸೀಟು ಸಿಗುತ್ತಾ? ಇಲ್ಲಾಂದ್ರೆ ಯಾಕೆ ಸುಮ್ನೆ ಮಗೂನ ಹಿಂಸೆ ಮಾಡೋದು, ಬಿಡಿಸಿಬಿಡ್ತೀವಿ."

ಈ "ಬಿಡಿಸಿಬಿಡ್ತೀವಿ" ಅನ್ನೋ ಮಾತಿಗಾಗಿ ಈ ಬರಹ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ಕೊನೆಯಲ್ಲಿ ಆ 42ನ್ನ ಹೇಗೆ ಓದಬೇಕು ಅಂತ ಲೆಕ್ಕ ಸಮೇತ ಹೇಳ್ತೀನಿ. ಆದರೆ ಅದಕ್ಕೆ ಮೊದಲು, ನಮ್ಮ ಮಕ್ಕಳಿಗೂ ಈ ಅಂಕ ಅನ್ನೋದಕ್ಕೂ ಇರುವ ಚರಿತ್ರೆ ಗೊತ್ತಿರಬೇಕು. ಅದು ಗೊತ್ತಿಲ್ಲದವರು ನಂಬರು ನೋಡಿದ ಕೂಡಲೇ ಮಗುವಿನ ಹಣೆಬರಹ ಓದೋಕೆ ಕೂತುಬಿಡ್ತಾರೆ.

*

ಮೊದಲು ಧಾರವಾಡಕ್ಕೆ ಹೋಗೋಣ. ಆಗ ಅದು ಮುಂಬೈ ಪ್ರಾಂತ್ಯದಲ್ಲಿತ್ತು. 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ್ ಹುಡುಗ ತನ್ನನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲ ಎಂದು ಸರ್ಕಾರಕ್ಕೇ ಅರ್ಜಿ ಹಾಕಿದ. ಮುಂಬೈ ಸರ್ಕಾರ ಕೊಟ್ಟ ಉತ್ತರ ನೋಡಿ: ನ್ಯಾಯ ಆ ಹುಡುಗನ ಕಡೆಗೇ ಇದೆ ಎಂದು ಒಪ್ಪಿಕೊಂಡಿತು, ಆದರೆ ಇವನೊಬ್ಬನನ್ನು ಸೇರಿಸಿದರೆ ಉಳಿದವರು ಶಾಲೆ ಬಿಟ್ಟಾರು, ಆದ್ದರಿಂದ ಆಗುವುದಿಲ್ಲ ಎಂದಿತು. ಆ ಹುಡುಗನಿಗೆ ಎಷ್ಟು ಓದೋಕೆ ಬರುತ್ತೆ, ಲೆಕ್ಕ ಬರುತ್ತಾ ಅಂತ ಯಾರೂ ಕೇಳಲೇ ಇಲ್ಲ. 1858ರಲ್ಲಿ ಲಂಡನ್ನಿನಿಂದ, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ಆದೇಶ ಬಂತು. ಕಾಗದದಲ್ಲಿ ಬಾಗಿಲು ತೆರೆಯಿತು, ಊರಿನಲ್ಲಿ ಅದು ತೆರೆಯೋಕೆ ತಲೆಮಾರುಗಳೇ ಹಿಡಿದವು. 1928ರಲ್ಲಿ ಸೈಮನ್ ಆಯೋಗದ ಮುಂದೆ ನಮ್ಮ ಮಕ್ಕಳ ಶಿಕ್ಷಣದ ಸ್ಥಿತಿ ವಿವರಿಸುವಾಗ ಬಾಬಾಸಾಹೇಬರು ಈ ಧಾರವಾಡದ ಪ್ರಕರಣವನ್ನೇ ಮುಂದಿಟ್ಟರು.

ಬಾಬಾಸಾಹೇಬರ ಹೆಸರು ಬಂದಿದ್ದಕ್ಕೆ ಅವರ ಅಂಕಪಟ್ಟಿಯನ್ನೇ ನೋಡಿಬಿಡೋಣ. 1907ರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರಿಗೆ ಬಂದ ಅಂಕ 750ಕ್ಕೆ 282. ಭಾಗಿಸಿ ನೋಡಿ, ಶೇ. 37.6. ಇವತ್ತು ಆ ಅಂಕ ತಂದ ಹುಡುಗನಿಗೆ "ಐಟಿಐಗೆ ಹಾಕಿ, ಇಲ್ಲಾಂದ್ರೆ ಕೆಲಸಕ್ಕೆ ಹಚ್ಚಿ" ಅಂತಾರೆ. ಅವತ್ತು ಮುಂಬೈಯಲ್ಲಿ ನಮ್ಮ ಜನ ಸಭೆ ಸೇರಿ ಸನ್ಮಾನ ಮಾಡಿದರು. ಅವರಿಗೆ ಆ 282ರ ಹಿಂದೆ ಏನಿದೆ ಅಂತ ಗೊತ್ತಿತ್ತು. ಸಂಸ್ಕೃತ ಓದಬೇಕೆಂಬ ಆಸೆ ಇದ್ದ ಹುಡುಗನಿಗೆ ಸಂಸ್ಕೃತ ಕಲಿಸಲು ಒಪ್ಪಲಿಲ್ಲ, ಅವರು ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಒಂದೇ ಕೋಣೆಯ ಮನೆಯಲ್ಲಿ ಇಡೀ ಸಂಸಾರ, ಅಲ್ಲೇ ಓದು. ಆ ಕೋಣೆಯ, ಆ ಬೀಗ ಹಾಕಿದ ಸಂಸ್ಕೃತ ತರಗತಿಯ ಲೆಕ್ಕವೂ 282ರೊಳಗೆ ಸೇರಿತ್ತು. ಆ ನಂಬರು ನೋಡಿ ಯಾರಾದರೂ "ಬಿಡಿಸಿಬಿಡ್ತೀವಿ" ಅಂದಿದ್ದರೆ?

*

ಈಗ ನಮ್ಮ ಜಿಲ್ಲೆಗೆ ಬನ್ನಿ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿ ಎಂದರೆ ಸರ್ ಎಂ. ವಿಶ್ವೇಶ್ವರಯ್ಯ. ಅವರ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಅವರು ದಿವಾನರಾಗಿದ್ದಾಗಲೇ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಆದರೆ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡಬೇಕು ಅನ್ನೋ ಪ್ರಶ್ನೆ ಬಂದಾಗ ಅವರು "ಯೋಗ್ಯತೆ"ಯ ಕಡೆ ನಿಂತರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅದೇ ವರ್ಷದ ಕೊನೆಗೆ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. 1919ರಲ್ಲಿ ಬಂದ ಮಿಲ್ಲರ್ ವರದಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದಿತು.

ಈ ಜಗಳದ ತಿರುಳು ಒಂದೇ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವನು ಹೆಚ್ಚು ಯೋಗ್ಯ ಅನ್ನೋದು ಒಂದು ಕಡೆಯ ವಾದ. ಪರೀಕ್ಷೆ ಬರೆಯೋ ಜಾಗದವರೆಗೆ ಯಾರು ತಲುಪಿದರು ಅಂತ ಮೊದಲು ನೋಡಿ ಅನ್ನೋದು ಇನ್ನೊಂದು ಕಡೆಯ ವಾದ. ನೂರು ವರ್ಷ ಆದರೂ ಅದೇ ಜಗಳ ನಡೀತಾನೇ ಇದೆ.

ತಲುಪೋದು ಅಂದರೆ ಏನು ಅಂತ ಗೌರಿಬಿದನೂರು ತಾಲ್ಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. ಡಾ. ಎಚ್. ನರಸಿಂಹಯ್ಯ 1920ರಲ್ಲಿ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದರು. ಊರ ಶಾಲೆಯಲ್ಲಿ ಇದ್ದಷ್ಟು ಓದಿ ಮುಗಿಸಿದ ಮೇಲೆ ಹೈಸ್ಕೂಲಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಬಸ್ಸಿಗೆ ದುಡ್ಡಿರಲಿಲ್ಲ. 1935ರಲ್ಲಿ ಆ ಹುಡುಗ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದ. ಮುಂದೆ ಅಮೆರಿಕದಲ್ಲಿ ಡಾಕ್ಟರೇಟ್ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಗೌರಿಬಿದನೂರು ಬಾಗೇಪಲ್ಲಿಗಳಲ್ಲೇ ನ್ಯಾಷನಲ್ ಕಾಲೇಜು ತೆರೆಸಿದರು. ಆ ಹುಡುಗನ ಮೊದಲ ಪ್ರವೇಶ ಪರೀಕ್ಷೆ ರಸ್ತೆ ಮೇಲೆ ನಡೆಯಿತು. ಆ ನಡಿಗೆಗೆ ಅಂಕ ಕೊಟ್ಟವರು ಯಾರು?

*

ಇನ್ನು ನವೋದಯ ಪರೀಕ್ಷೆಯಲ್ಲಿ "ಮಾನಸಿಕ ಸಾಮರ್ಥ್ಯ" ಅಂತ ಒಂದು ಭಾಗ ಇದೆಯಲ್ಲ, ಆ ಚಿತ್ರಗಳ ಪ್ರಶ್ನೆಗಳು. ನಮ್ಮ ಅಪ್ಪ ಅಮ್ಮಂದಿರಿಗೆ ಜಾಸ್ತಿ ಹೆದರಿಕೆ ಹುಟ್ಟಿಸೋದು ಇದೇ. "ಲೆಕ್ಕ ಆದ್ರೆ ಕಲಿಸಬಹುದು, ಇದು ಹುಟ್ಟಿನಿಂದ ಬರಬೇಕಂತೆ" ಅಂತಾರೆ. ಯಾರು ಹೇಳಿದ್ದು?

ಇಂಥ ಪರೀಕ್ಷೆಗಳ ಮೂಲ 1905ರ ಪ್ಯಾರಿಸ್. ಆಲ್ಫ್ರೆಡ್ ಬಿನೆ ಎಂಬ ವಿದ್ವಾಂಸ ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ, ಅವರಿಗೆ ಹೆಚ್ಚಿನ ಸಹಾಯ ಕೊಡೋಕೆ ಅಂತ ಅದನ್ನು ಮಾಡಿದ. ಬುದ್ಧಿ ಹುಟ್ಟಿನಿಂದಲೇ ನಿಂತುಹೋದದ್ದು ಎಂಬ ಮಾತನ್ನು ಅವನು ಒಪ್ಪುತ್ತಿರಲಿಲ್ಲ. ಅದು ಅಮೆರಿಕಕ್ಕೆ ಹೋದ ಮೇಲೆ ತಲೆಕೆಳಗಾಯಿತು. ಸಹಾಯ ಯಾರಿಗೆ ಬೇಕು ಅಂತ ಕೇಳಲು ಮಾಡಿದ ಪರೀಕ್ಷೆಯಿಂದಲೇ ಕಪ್ಪು ಜನರು, ವಲಸೆ ಬಂದ ಬಡವರು ಹುಟ್ಟಾ ದಡ್ಡರು ಅಂತ ಸಾಬೀತು ಮಾಡಲು ಹೊರಟರು. ಆ ಪರೀಕ್ಷೆ ಕನ್ನಡಕ್ಕೂ ಬಂತು. ವಿ. ವಿ. ಕಾಮತ್ ಎಂಬ ಶಿಕ್ಷಣತಜ್ಞರು ಧಾರವಾಡ ಕಡೆಯ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಒಗ್ಗಿಸಿದರು, 1940ರಲ್ಲಿ ಅದರ ಪುಸ್ತಕ ಬಂತು. ಅವರ ಶ್ರಮವನ್ನು ಕಡಿಮೆ ಮಾಡಿ ಹೇಳ್ತಿಲ್ಲ, ಪರದೇಶದ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಹಾಗೇ ಹೊಂದುವುದಿಲ್ಲ ಅಂತ ಅರಿತು ಬದಲಿಸಿದವರು ಅವರು. ಆದರೆ ಒಂದು ಮಾತು ನೆನಪಿರಲಿ. 1856ರಲ್ಲಿ ನಮ್ಮ ಹುಡುಗನನ್ನು ಶಾಲೆಯ ಹೊರಗೆ ನಿಲ್ಲಿಸಿದ ಊರಿನಲ್ಲೇ, ಎಂಟು ದಶಕ ಆದ ಮೇಲೆ ಮಕ್ಕಳ ಬುದ್ಧಿ ಅಳೆಯೋ ಕೋಲು ತಯಾರಾಯಿತು. ಅಷ್ಟು ವರ್ಷ ಹೊರಗಿದ್ದವರು ಆ ಕೋಲಿನಲ್ಲಿ ಕುಳ್ಳಗೆ ಕಂಡರೆ ತಪ್ಪು ಯಾರದು?

*

ಅಂಕವನ್ನು ಸರಿಯಾಗಿ ಓದಿದ ಚರಿತ್ರೆಯೂ ನಮ್ಮ ರಾಜ್ಯದಲ್ಲೇ ಇದೆ. ಇದನ್ನು ನಮ್ಮವರು ಮರೆತಿದ್ದಾರೆ, ಅದಕ್ಕೇ ಬರೀತಿದ್ದೀನಿ.

1960ರಲ್ಲಿ ಮೈಸೂರು ಸರ್ಕಾರ ಆರ್. ನಾಗನಗೌಡ ಸಮಿತಿಯನ್ನು ನೇಮಿಸಿತು. ಯಾವ ಸಮುದಾಯ ಶೈಕ್ಷಣಿಕವಾಗಿ ಹಿಂದುಳಿದಿದೆ ಅಂತ ಹೇಗೆ ಗೊತ್ತು ಮಾಡೋದು? ಸಮಿತಿ ಒಂದು ಲೆಕ್ಕ ತೆಗೆಯಿತು: ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಕ್ಕಳಿದ್ದಾರೆ? ರಾಜ್ಯದ ಸರಾಸರಿ ಸಾವಿರಕ್ಕೆ 6.9. ಅಂದರೆ ಆಗ ಹೈಸ್ಕೂಲು ಅನ್ನೋದೇ ಇಡೀ ನಾಡಿಗೆ ಅಪರೂಪ, ಅದರಲ್ಲಿ ಯಾರು ಒಳಗಿದ್ದರು ಅನ್ನೋದೇ ಲೆಕ್ಕ. ಇದರ ಮೇಲೆ ಸರ್ಕಾರ 1962ರ ಜುಲೈನಲ್ಲಿ ತಾಂತ್ರಿಕ, ವೈದ್ಯಕೀಯ ಕಾಲೇಜುಗಳಲ್ಲಿ ಒಟ್ಟು ಶೇ. 68 ಸೀಟು ಮೀಸಲಿಟ್ಟಿತು. ಅದೇ ಸೆಪ್ಟೆಂಬರಿನಲ್ಲಿ ಎಂ. ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಮೀಸಲಾತಿ ಸಾಮಾನ್ಯವಾಗಿ ಶೇ. 50ಕ್ಕಿಂತ ಕೆಳಗಿರಬೇಕು ಅನ್ನೋ ಮಾತು ಇಡೀ ದೇಶಕ್ಕೆ ಹೋಗಿದ್ದು ನಮ್ಮ ಮೈಸೂರಿನ ಈ ಕೇಸಿನಿಂದ. ಆಮೇಲೆ ದೇವರಾಜ ಅರಸು 1972ರಲ್ಲಿ ನೇಮಿಸಿದ ಎಲ್. ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಅದು ಕೂಡ ಎಸ್‌ಎಸ್‌ಎಲ್‌ಸಿ ಪಾಸಾದವರನ್ನು ಸಮುದಾಯವಾರು ಎಣಿಸಿ, ಆ ಲೆಕ್ಕದಿಂದ ಹಿಂದುಳಿದಿರುವಿಕೆಯನ್ನು ಅಳೆಯಿತು.

ಏನು ನಡೆಯಿತು ಗಮನಿಸಿ. ಒಂದು ಕೇರಿಯಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದವರು ಒಬ್ಬರೂ ಇಲ್ಲ ಅಂದಾಗ ಹಾವನೂರರು "ಈ ಜನ ದಡ್ಡರು" ಅನ್ನಲಿಲ್ಲ. "ಸಮಾಜ ಇವರಿಗೆ ಏನನ್ನು ತಲುಪಿಸಿಲ್ಲ?" ಅಂತ ಕೇಳಿದರು. ಅದೇ ಫಲಿತಾಂಶ, ಬೇರೆ ಪ್ರಶ್ನೆ. ಒಂದು ಇಡೀ ಸಮುದಾಯದ ಫಲಿತಾಂಶವನ್ನು ಓದಿದ ಆ ಕ್ರಮದಲ್ಲೇ ನಿಮ್ಮ ಮಗುವಿನ 42ನ್ನೂ ಓದಬೇಕು. ನಾನು ಹೇಳಬೇಕಾದ್ದು ಇಷ್ಟೇ.

*

ಈ ವಸತಿ ಶಾಲೆಗಳೂ ಆಕಾಶದಿಂದ ಉದುರಿಲ್ಲ. 1973ರ ಬೂಸಾ ಗಲಾಟೆಯ ಬೆಂಕಿಯಲ್ಲಿ ಎದ್ದ ದಲಿತ ಸಂಘರ್ಷ ಸಮಿತಿ ಎಂಬತ್ತರ ದಶಕದಲ್ಲಿ ಊರೂರಲ್ಲಿ ಕೂಗಿದ ಘೋಷಣೆ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು: "ಹೆಂಡ ಬೇಡ, ವಸತಿ ಶಾಲೆ ಬೇಕು." ಆಗ ನಮ್ಮದು ಅವಿಭಜಿತ ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಕೇರಿಗೆ ಸರಾಯಿ ಅಂಗಡಿ ಕೊಡೋ ಸರ್ಕಾರ ಶಾಲೆ ಯಾಕೆ ಕೊಡಲ್ಲ ಅಂತ ನಮ್ಮ ಅಕ್ಕಂದಿರು, ಅಣ್ಣಂದಿರು ಬೀದಿಯಲ್ಲಿ ಕೇಳಿದರು. ತೊಂಬತ್ತರ ದಶಕದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದವು, 1999ರಲ್ಲಿ ಅವುಗಳನ್ನು ನೋಡಿಕೊಳ್ಳಲು ವಸತಿ ಶಿಕ್ಷಣ ಸಂಸ್ಥೆಗಳ ಸಂಘ ಆಯಿತು. ಕೇಂದ್ರದ ನವೋದಯ ಬಂದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ.

ಕೇಳಿದ್ದು ಎಲ್ಲ ಮಕ್ಕಳಿಗೂ ಶಾಲೆ. ಸಿಕ್ಕಿದ್ದು ಕೆಲವರಿಗೆ ಶಾಲೆ, ಉಳಿದವರಿಗೆ ಜರಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರವೇಶದ ವೇಳೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷೆ ಮಾಡಬಾರದು ಅನ್ನುತ್ತೆ. ನವೋದಯಕ್ಕೆ ಮಾತ್ರ ಕೇಂದ್ರ ವಿನಾಯಿತಿ ಕೊಟ್ಟಿತು. ಸೀಟು ಕಮ್ಮಿ, ಮಕ್ಕಳು ಜಾಸ್ತಿ, ಆದ್ದರಿಂದ ಪರೀಕ್ಷೆ. ಸೀಟು ಸಿಗದಿದ್ದರೆ ಶಾಲೆಗಳು ಸಾಲದು ಅಂತ ಅರ್ಥ, ಮಗು ಸಾಲದು ಅಂತ ಅಲ್ಲ.

*

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಹಿಡ್ಕೊಳ್ಳಿ.

ನವೋದಯ ಪರೀಕ್ಷೆ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಪ್ರತಿ ಸರಿ ಉತ್ತರಕ್ಕೆ 1.25. ಮಾನಸಿಕ ಸಾಮರ್ಥ್ಯ 40 ಪ್ರಶ್ನೆ, ಅಂಕಗಣಿತ 20, ಭಾಷೆ 20. ತಪ್ಪಿಗೆ ಅಂಕ ಕಳೆಯುವುದಿಲ್ಲ.

ಒಂದನೇ ಮಾತು. ನಾಲ್ಕು ಆಯ್ಕೆ ಇರುವ ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿ ಬರುತ್ತೆ. 80ರಲ್ಲಿ 20 ಸರಿ, ಅಂದರೆ 25 ಅಂಕ. ಆದ್ದರಿಂದ ಲೆಕ್ಕ ಸೊನ್ನೆಯಿಂದ ಶುರುವಾಗಲ್ಲ, 25ರಿಂದ ಶುರು. ಹಾಗೇ, ಗೊತ್ತಿಲ್ಲದ ಪ್ರಶ್ನೆಯನ್ನೂ ಖಾಲಿ ಬಿಡಬಾರದು ಅಂತ ಮಗುವಿಗೆ ಹೇಳಿ.

ಎರಡನೇ ಮಾತು. ಒಟ್ಟು ಅಂಕ ನೋಡಬೇಡಿ, ಭಾಗ ಮಾಡಿ ನೋಡಿ. ಇಬ್ಬರು ಮಕ್ಕಳಿಗೆ 50 ಬಂದಿದೆ ಅಂತಿಟ್ಟುಕೊಳ್ಳಿ. ಒಬ್ಬಳಿಗೆ ಚಿತ್ರದ ಪ್ರಶ್ನೆಗಳಲ್ಲಿ 40ಕ್ಕೆ 14, ಲೆಕ್ಕದಲ್ಲಿ 20ಕ್ಕೆ 12, ಭಾಷೆಯಲ್ಲಿ 20ಕ್ಕೆ 14 ಸರಿ. ಇನ್ನೊಬ್ಬನಿಗೆ ಚಿತ್ರದಲ್ಲಿ 26, ಲೆಕ್ಕದಲ್ಲಿ 5, ಭಾಷೆಯಲ್ಲಿ 9. ಇಬ್ಬರದ್ದೂ 40 ಸರಿ, 50 ಅಂಕ. ಆದರೆ ಮೊದಲನೆಯವಳಿಗೆ ಓದು, ಲೆಕ್ಕ ಎರಡೂ ಬರುತ್ತೆ, ಅಂಥ ಚಿತ್ರದ ಪ್ರಶ್ನೆ ಅವಳು ನೋಡಿಯೇ ಇಲ್ಲ. ಅದು ಕೆಲವು ವಾರಗಳ ಅಭ್ಯಾಸದ ಕೆಲಸ. ಎರಡನೆಯವನ ಲೆಕ್ಕದ 5 ಅಂದರೆ ಊಹೆಯ ಮಟ್ಟ. ಅವನಿಗೆ ಭಾಗಾಕಾರ, ಭಿನ್ನರಾಶಿ ಯಾರೋ ಕೂತು ಮೊದಲಿಂದ ಹೇಳಿಕೊಡಬೇಕು, ಅದಕ್ಕೆ ತಿಂಗಳುಗಳು ಬೇಕು. ಒಂದೇ ನಂಬರು, ಎರಡು ಬೇರೆ ಬೇರೆ ಕೆಲಸ.

ಮೂರನೇ ಮಾತು. ಹೋದ ವಾರ 47, ಈ ವಾರ 42 ಬಂತು ಅಂತ ಮಗುವಿಗೆ ಬೈಬೇಡಿ. 80 ಪ್ರಶ್ನೆಯ ಪರೀಕ್ಷೆಯಲ್ಲಿ ಐದಾರು ಅಂಕ ಹೆಚ್ಚುಕಮ್ಮಿ ಆಗೋದು ಬರೀ ಅದೃಷ್ಟದಿಂದಲೂ ಆಗುತ್ತೆ. ಮೂರು ನಾಲ್ಕು ಪತ್ರಿಕೆಗಳ ಸರಾಸರಿ ತೆಗೆಯಿರಿ. ಬೇರೆ ಬೇರೆ ಗೈಡುಗಳ ಪತ್ರಿಕೆ ಒಂದೇ ಕಷ್ಟದ್ದಾಗಿರಲ್ಲ, ಪಕ್ಕದ ಮನೆ ಮಗು ಬೇರೆ ಪುಸ್ತಕದಲ್ಲಿ ತೆಗೆದ 70ರ ಜೊತೆ ಹೋಲಿಸಬೇಡಿ.

ನಾಲ್ಕನೇ ಮಾತು ಭಾಷೆಯದು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ನಮ್ಮ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕೈವಾರದ ತಾತಯ್ಯನವರೇ ತೆಲುಗು ಕನ್ನಡ ಎರಡರಲ್ಲೂ ಹಾಡಿದ ನೆಲ ಇದು. ಮಗು ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಆಡುಗನ್ನಡ ಕಲಿತು, ಪ್ರಶ್ನೆಪತ್ರಿಕೆಯಲ್ಲಿ ಪುಸ್ತಕದ ಕನ್ನಡ ಎದುರಿಸುತ್ತೆ. ಲೆಕ್ಕ ತಪ್ಪಾದರೆ ಅದೇ ಲೆಕ್ಕವನ್ನು ಮನೆಮಾತಲ್ಲಿ ಹೇಳಿ ನೋಡಿ. ಆಗ ಸರಿ ಮಾಡಿದರೆ ಮಗುವಿಗೆ ಲೆಕ್ಕ ಬರುತ್ತೆ, ಪ್ರಶ್ನೆ ಓದುವ ಅಭ್ಯಾಸ ಬೇಕಷ್ಟೆ.

ಐದನೇ ಮಾತು. ಎಷ್ಟು ಅಂಕಕ್ಕೆ ಸೀಟು ಸಿಗುತ್ತೆ ಅನ್ನೋದು ಒಂದು ನಂಬರಲ್ಲಿ ಇಲ್ಲ. ನವೋದಯದಲ್ಲಿ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿಗೆ ಕನಿಷ್ಠ ಶೇ. 15. ಮೊರಾರ್ಜಿ ಮಾದರಿ ಶಾಲೆಗಳಲ್ಲಿ ಮಗುವಿನ ಅಂಕ, ವರ್ಗ, ನೀವು ಬರೆದ ಶಾಲೆಗಳ ಆದ್ಯತೆ ಎಲ್ಲ ಸೇರಿ ಹಂಚಿಕೆ. ಒಂದು ಶಾಲೆಗೆ ಸಾಲದ ಅಂಕ ಇನ್ನೊಂದಕ್ಕೆ ಸಾಕಾಗಬಹುದು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು, ಆದಾಯ ಪತ್ರ ಈಗಲೇ ಸರಿ ಮಾಡಿಟ್ಟುಕೊಳ್ಳಿ. ಅಂಕ ಬಂದೂ ಕಾಗದ ಇಲ್ಲದೆ ಸೀಟು ಕಳಕೊಂಡರೆ ಆ ನೋವು ದೊಡ್ಡದು.

*

ಶಿಡ್ಲಘಟ್ಟದವರಿಗೆ ಒಂದು ಮಾತು ಹೇಳ್ತೀನಿ, ಥಟ್ಟನೆ ಅರ್ಥ ಆಗುತ್ತೆ. ಮಾರುಕಟ್ಟೆಯಲ್ಲಿ ಗೂಡಿಗೆ ರೇಟು ಬೀಳದಿದ್ದರೆ ಯಾರಾದರೂ ಹುಳಕ್ಕೆ ಬೈತಾರಾ? ಸೊಪ್ಪು ಎಂಥದು ಹಾಕಿದ್ರಿ, ನಾಲ್ಕನೇ ಜ್ವರ ಎದ್ದ ಮೇಲೆ ಹೊತ್ತು ಹೊತ್ತಿಗೆ ಕೊಟ್ರಾ, ಹುಳುಮನೆಗೆ ಗಾಳಿ ಇತ್ತಾ ಅಂತ ಕೇಳ್ತಾರೆ. ಹುಳಕ್ಕೆ ಕೊಡೋ ಆ ನ್ಯಾಯವನ್ನ ಮಕ್ಕಳಿಗೆ ಯಾಕೆ ಕೊಡಲ್ಲ ನಾವು? ಇದೇ ರೇಷ್ಮೆ ಕಸುಬಿನಲ್ಲಿ ಸಾಲಕ್ಕೆ ಜೀತವಿದ್ದ ಕರ್ನಾಟಕದ ಮಕ್ಕಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಬರೆಯಿತು. ಅದರಲ್ಲಿ ದಲಿತ ಮಕ್ಕಳ ಪಾಲು ದೊಡ್ಡದು. ಅವತ್ತು ಬಿಸಿನೀರಿನ ಬಾಣಲೆ ಮುಂದೆ ಕೈ ಬೇಯಿಸಿಕೊಂಡ ಮಕ್ಕಳ ಮಕ್ಕಳು ಇವತ್ತು ಓಎಂಆರ್ ಹಾಳೆಯಲ್ಲಿ ವೃತ್ತ ತುಂಬೋಕೆ ಕೂತಿದ್ದಾರೆ. ಅಲ್ಲಿಂದ ಇಲ್ಲಿಗೆ ಬಂದ ದೂರವೂ ಆ 42ರಲ್ಲಿದೆ.

ಹಾಗಂತ ಅಂಕ ಬೇಡ ಅಂತ ನಾನು ಹೇಳ್ತಿಲ್ಲ. ಸೀಟು ಬೇಕು, ಪೈಪೋಟಿ ಮಾಡಲೇಬೇಕು. ದುಡ್ಡಿದ್ದವರು ಕೋಚಿಂಗಿಗೆ ಹಾಕ್ತಾರೆ. ನಮ್ಮ ಹತ್ತಿರ ಅಂಬೇಡ್ಕರ್ ಭವನಗಳಿವೆ, ಡಿಗ್ರಿ ಓದುತ್ತಿರುವ ತಂಗಿ ತಮ್ಮಂದಿರಿದ್ದಾರೆ. ವಾರಕ್ಕೆ ಎರಡು ಸಂಜೆ ಭವನದ ಬಾಗಿಲು ತೆಗೀರಿ. ಮಕ್ಕಳು ಬರೆದ ಪತ್ರಿಕೆ ತಂದು ಒಂದೊಂದು ತಪ್ಪಿನ ಪಕ್ಕದಲ್ಲಿ ಬರೀರಿ: ಇದು ಕಲಿಸಿಲ್ಲ, ಇದು ಅರ್ಥ ಆಗಿಲ್ಲ, ಇದು ಗಡಿಬಿಡಿ, ಇದು ವೃತ್ತ ತಪ್ಪಿ ತುಂಬಿದ್ದು. ಈ ನಾಲ್ಕು ಲೆಕ್ಕ ಇಟ್ಟರೆ ಒಂದು ತಿಂಗಳಲ್ಲಿ ಏನು ಮಾಡಬೇಕು ಅಂತ ನಿಮಗೇ ಗೊತ್ತಾಗುತ್ತೆ. "ಕಲಿಸಿಲ್ಲ" ಅನ್ನೋ ಸಾಲು ಉದ್ದ ಇದ್ದರೆ, ಆ ಪಟ್ಟಿ ಹಿಡಿದು ಎಸ್‌ಡಿಎಂಸಿ ಸಭೆಗೆ ಹೋಗಿ ಕೇಳಿ. ಐದನೇ ಕ್ಲಾಸಿಗೆ ಮೇಷ್ಟ್ರು ಇಲ್ಲ ಅಂದರೆ ಬಿಇಒ ಕಚೇರಿಗೆ ಹೋಗಿ ಕೇಳಿ.

ಮಗುವಿಗೆ ಸೀಟು ಸಿಕ್ಕರೆ ಸಂತೋಷ. ಸಿಗದಿದ್ದರೆ ಊರ ಸರ್ಕಾರಿ ಶಾಲೆ ಇದೆ, ಮುಂದೆ ಹೈಸ್ಕೂಲು ಇದೆ, ಹಾಸ್ಟೆಲ್ಲು ಇದೆ. ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ಪೂರ್ವ ಹಾಸ್ಟೆಲ್ಲಿಗೆ ಅರ್ಜಿ ಹಾಕಿ. "ಬಿಡಿಸಿಬಿಡ್ತೀವಿ" ಅನ್ನೋ ಮಾತು ಮಾತ್ರ ಮನೆಯಲ್ಲಿ ಬರಕೂಡದು. ಧಾರವಾಡದ ಆ ಹುಡುಗನನ್ನು ಸರ್ಕಾರ ಹೊರಗೆ ನಿಲ್ಲಿಸಿತು. ನಮ್ಮ ಮಕ್ಕಳನ್ನು ನಾವೇ ನಿಲ್ಲಿಸೋದು ಬೇಡ.

ನಿಮ್ಮ ಊರಿನಲ್ಲಿ ಸಂಜೆ ತರಗತಿ ಶುರು ಮಾಡಿದರೆ ಕಾಮೆಂಟಿನಲ್ಲಿ ಊರ ಹೆಸರು ಹಾಕಿ, ಪಾಠ ಹೇಳೋರನ್ನ ಜೊತೆ ಮಾಡೋಣ. ಮಕ್ಕಳ ಹೆಸರು, ಫೋಟೋ ಹಾಕಬೇಡಿ.

ಜೈಭೀಮ್.